ಗ್ರಹಣದಾಗ ಹೊರಗ ಬಂದ್ರ ಏನಾಗತೈತಿ

ಕಲಘಟಗಿ
ರವಿವಾರ, ತಾ. ೯-೧೨-೧೯೭೯

ನನ್ನ ಕೂಸು ಸುಶೀಲಾಗ,

ಇಲ್ಲಿಂದನ ನಿನ್ನ ತಲಿ ಮ್ಯಾಲ ಕೈ ಇಟ್ಟು ಅವ್ವ ಬರಿಯೂದು.

ದೀಪಾವಳಿ ಸೂಟಿ ಮುಗಿಸಿ ತಿರ್ಲಾಪುರಕ್ಕ ಹೋದ ಮ್ಯಾಲ ನೀ ಬರದ ಕಾಗದ ಬಂದು ಇವತ್ತಿಗೆ ಆರು ವಾರ ಆತು. ಅವ್ವ ಉತ್ತರ ಬರೀಲಿಲ್ಲ ಅಂತ ನಿನಗ ಸಿಟ್ಟು ಬಂದಿದ್ರ ಅದು ಬರೋಬರಿ ಐತಿ. ಭತ್ತದ ಸುಗ್ಗಿ ಇತ್ತು, ಸಾಲ್ಯಾಗ ಪರೀಕ್ಷಾ ಇತ್ತು ಅಂತ ನೆವ ಹೇಳಬಹುದು. ಖರೆ ಮಾತಂದ್ರ ಮೂರು ಸಲ ಬರಿಯಾಕ ಕುಂತೆ, ಮೂರೂ ಸಲ ಹಾಳಿ ಹರದು ಒಲಿಗೆ ಹಾಕಿದೆ.

ನಿಮ್ಮಪ್ಪಾರು ಅರಾಮ ಅದಾರ. ಮೊಣಕಾಲು ನೋವು ಕಡಿಮಿ ಆಗೇತಿ, ಮತ್ತ ಸೈಕಲ್ ಹೊಡ್ಯಾಕತ್ತಾರ. ಕೆಂದ ಆಕಳ ಈದೈತಿ, ಹೆಣ್ಣುಗರ. ಗಿಣ್ಣ ಕಾಸಿದ ದಿನ ನಿನ್ನ ನೆನಸಿ ನಾನೂ ತಿನ್ನಲಿಲ್ಲ, ಅವರೂ ತಿನ್ನಲಿಲ್ಲ, ಬಾಜು ಮನಿ ಹುಡುಗರಿಗೆ ಕೊಟ್ವಿ. ನಿನ್ನ ಖೋಲಿ ಮಾಳಿಗಿ ಸೋರತಿತ್ತು ಅಂತ ಬರದಿದ್ದಿ. ಮನಿಯವರು ಮ್ಯಾಲ ಮಣ್ಣು ಹಾಕಿಸಿ ಕೊಟ್ರನು? ಬಾಡಿಗಿಯಾಕಿ ಅಂತ ಅನ್ನದ ಮನಿ ಮಾಲಕಿ ಜುಲೇಖಾಬಿ ನಿನಗ ದಿನಾ ಸಂಜೀಕ ರೊಟ್ಟಿ ಕೊಡತಾರ ಅಂತ ಓದಿ ನನಗ ಧೈರ್ಯ ಬಂತು. ಅವರಿಗೆ ನನ್ನ ಸಲಾಮು ಹೇಳು.

ನಿನ್ನ ಕಾಗದ ಮೊದಲು ಓದಿದಾಗ ಹಿಗ್ಗಾತು. ನಿನ್ನ ಸಾಲಿ ಆರನೇ ಇಯತ್ತೆ ಹುಡುಗರು ಮುಗಲ ಕಡೆ ಬಟ್ಟು ಮಾಡಿ ಒಂದರ ಮ್ಯಾಲ ಒಂದು ಪ್ರಶ್ನಿ ಕೇಳತಾರ, ಉತ್ತರ ಹೇಳಿ ಪೂರೈಸೂದಿಲ್ಲ, ನಿನ್ನ ಹಳೇ ಪ್ರಶ್ನಿ ವಹಿ ಕಳಿಸಿಕೊಡು ಅಂತ ಕೇಳಿದಿ. ಅಲ್ಲೀತನಕ ನಗಕೋತ ಓದಿದೆ. ಹಾಳಿ ತಿರುವಿದ ಮ್ಯಾಲ ಬರೂ ಗ್ರಹಣದ ಸುದ್ದಿ ಬರದಿದ್ದಿ. ಫೆಬ್ರುವರಿ ಹದಿನಾರಕ್ಕ ನಮ್ಮ ಜಿಲ್ಲಾದಾಗ ಸೂರ್ಯ ಪೂರ್ತಿ ಮುಚ್ಚತಾನ, ಅವತ್ತು ಇಡೀ ಸಾಲಿ ಹುಡುಗರನ್ನ ಹೊಲಕ್ಕ ಕರಕೊಂಡು ಹೋಗಿ ತೋರಸ್ತೀನಿ, ಕದಾ ಹಾಕ್ಕೊಂಡು ಕುಂದ್ರೂ ಮಂದಿ ನೋಡಿ ಕಲೀಲಿ, ನಾ ನಿನ್ನ ಮಗಳಲ್ಲೇನು ಅಂತ. ಅದನ್ನ ಓದಿದಾಗಿಂದ ನನಗ ನಿದ್ದಿ ಸರಿಯಾಗಿ ಹತ್ತಿಲ್ಲ.

ಮೊದಲು ಹುಡುಗರ ಪ್ರಶ್ನಿಗೆ ಉತ್ತರ ಬರದು ಬಿಡತೀನಿ. ಅದು ಹಗುರ ಕೆಲಸ.

ಚಂದ್ರ ನಮ್ಮ ಜೋಡಿ ಯಾಕ ನಡಕೋತ ಬರತಾನ ಅಂತ ಎಲ್ಲಾ ಊರಿನ ಹುಡುಗರೂ ಕೇಳತಾರ. ನವಲಗುಂದದ ಬಸ್ಸಿನಾಗ ಕುಂತಾಗ ಹಾದಿ ಬಾಜುದ ಜಾಲಿ ಗಿಡ ಹಿಂದ ಓಡತಾವ, ದೂರದ ಗುಡ್ಡ ಮಾತ್ರ ನಮ್ಮ ಜೋಡಿನ ಬರತೈತಿ, ಹೌದಲ್ಲೋ ಅಂತ ಅವರನ್ನ ಕೇಳು. ಚಂದ್ರ ಆ ಗುಡ್ಡಕ್ಕಿಂತ ಎಷ್ಟೋ ಪಟ್ಟು ದೂರ ಇದ್ದಾನ, ಅದಕ್ಕ ಅಂವ ಹಿಂದ ಉಳಿಯೂದಿಲ್ಲ. ಚುಕ್ಕಿಗೂ ಗ್ರಹಕ್ಕೂ ಏನು ಫರಕು ಅಂದ್ರ, ಚುಕ್ಕಿ ತಾನಽ ಉರಿಯೂದು, ಗ್ರಹಕ್ಕ ತನ್ನ ಬೆಳಕಿಲ್ಲ, ಸೂರ್ಯನ ಬೆಳಕು ಬಿದ್ದು ಹೊಳೀತೈತಿ. ಚುಕ್ಕಿ ಮಿಣಕತೈತಿ, ಗ್ರಹ ಮಿಣಕೂದಿಲ್ಲ. ನಸುಕಿನಾಗ ಬೆಳ್ಳಿಚುಕ್ಕಿ ಮೂಡಿತು ಅಂತೀವಲ್ಲ, ಅದು ಚುಕ್ಕಿನ ಅಲ್ಲ, ಶುಕ್ರ ಗ್ರಹ. ಮಂಗಳದಾಗ ಮಂದಿ ಇಲ್ಲ. ಮೂರು ವರ್ಷದ ಹಿಂದ ಅಲ್ಲಿ ಯಂತ್ರ ಇಳಿದು ಫೋಟೋ ತಗದಾವ, ಬರೇ ಕೆಂಪು ಮಣ್ಣು, ಕಲ್ಲು. ಆ ಕೆಂಪು ಕಬ್ಬಿಣದ ತುಕ್ಕಿಂದು. ಗುರು ಎಲ್ಲಾ ಗ್ರಹಕ್ಕಿಂತ ದೊಡ್ಡಾಂವ. ಅವನ ಒಂದು ಚಂದ್ರನ ಮ್ಯಾಲ ಬೆಂಕಿ ಕಾರೂ ಗುಡ್ಡ ಅದಾವ ಅಂತ ಈ ವರ್ಷ ಪೇಪರಿನಾಗ ಬಂದಿತ್ತು, ನಾ ಕತ್ತರಿಸಿ ಇಟ್ಟೀನಿ. ಸೂರ್ಯಾಗ ಎಣ್ಣಿ ಯಾರು ಹಾಕತಾರ ಅಂತ ಕೇಳಿದ ಹುಡುಗನಿಗೆ ಹೇಳು, ಅಲ್ಲಿ ಎಣ್ಣಿನೂ ಇಲ್ಲ, ಕಟಿಗಿನೂ ಇಲ್ಲ. ಅವನ ಭಾರಕ್ಕ ಅವನ ಒಡಲು ಒತ್ತಿ ಒತ್ತಿ ಕಾಯತೈತಿ, ಇನ್ನೂ ಕೋಟಿ ಕೋಟಿ ವರ್ಷ ಉರಿಯಾಂವ.

ತಮ್ಮಗ ಏಳೂವರಿ ಶನಿ ಹಿಡದೈತಿ, ಅದು ಎಂದ ಬಿಡತೈತಿ ಅಂತ ಕೇಳಿದ ಹುಡುಗಿ ಸುದ್ದಿ ಬರದಿದ್ದಿ. ಆ ಹುಡುಗಿ ಮುಂದ ನಗಬ್ಯಾಡ. ಶನಿ ಸೂರ್ಯನ್ನ ಒಂದು ಸುತ್ತು ಹಾಕಾಕ ಇಪ್ಪತ್ತೊಂಬತ್ತೂವರಿ ವರ್ಷ ಬೇಕು, ಅಷ್ಟು ನಿಧಾನ. ಅದಕ್ಕ ಮೂರು ರಾಶಿ ದಾಟೂದರಾಗ ಏಳೂವರಿ ವರ್ಷ ಹೋಗತಾವ, ಲೆಕ್ಕ ಅಷ್ಟಽ. ಅಂವಗ ಸುತ್ತಲೂ ಬಳಿ ಹಾಕಿದಂಗ ಉಂಗುರ ಅದಾವ, ನೋಡಾಕ ಎಲ್ಲಾರಿಗಿಂತ ಚಂದ ಇದ್ದಾನ, ನಿನ್ನ ತಮ್ಮ ಯಾರಂತನೂ ಅವಗ ಗೊತ್ತಿಲ್ಲ ಅಂತ ಹೇಳು. ಆಮ್ಯಾಲ ಆ ತಮ್ಮಗ ಏನಾಗೇತಿ ಅಂತ ವಿಚಾರಿಸು. ಜ್ವರ ಇರಬೇಕು, ಇಲ್ಲಾ ಹೊಟ್ಟಿ ತುಂಬ ಉಣ್ಣಾಕ ಇಲ್ಲದ ಇರಬೇಕು.

ಉಳದದ್ದು ವಹಿಯಾಗ ಐತಿ, ಈ ಕಾಗದದ ಜೋಡಿ ಕಳಸ್ತೀನಿ. ಆದ್ರ ಅದರ ಕಡೀ ಹಾಳಿಮ್ಯಾಲ ಒಂದು ಪ್ರಶ್ನಿ ಐತಿ, ಅದರ ಮುಂದ ಉತ್ತರ ಬರದಿಲ್ಲ. ಅದರ ಕತಿ ನಿನಗ ಹೇಳಬೇಕು. ದುರ್ಗವ್ವನ ಸುದ್ದಿ ನಿನಗ ಗೊತ್ತೈತಿ, ಆದ್ರ ಆ ವರ್ಷ ನೀ ಧಾರವಾಡದಾಗ ಟ್ರೇನಿಂಗಿನಾಗ ಇದ್ದಿ. ಮಂದಿ ಬಾಯಿಲೆ ಕೇಳಿದ್ದಷ್ಟಽ ನಿನಗ ಗೊತ್ತು.

ದುರ್ಗವ್ವ ತೊಟ್ಟಿಲದ ಬಣ್ಣದ ಲಕ್ಷ್ಮಪ್ಪನ ಹಿರೇ ಮಗಳು. ಅಂವ ತೊಟ್ಟಿಲ ಮಾಡಿ, ಅರಗಿನ ಬಣ್ಣ ಹಚ್ಚಿ, ಅದರ ಮ್ಯಾಲ ದೇವರ ಚಿತ್ರ ಬರೀತಾನ. ದೂರ ದೂರದ ಊರಿಂದ ಮಂದಿ ಬಂದು ಒಯ್ತಾರ. ಅಂವಗ ಗಂಡುಮಕ್ಕಳಿಲ್ಲ. ದುರ್ಗವ್ವ ಹತ್ತು ವರ್ಷದಾಕಿ ಇದ್ದಾಗಿಂದ ಅಪ್ಪನ ಬಾಜು ಕುಂತು ಬಳ್ಳಿ, ಹೂವು ಬರೀತಿದ್ಲು. ಮುಂದ ಮುಂದ ದೇವರ ಮಾರಿಗೆ ಕಣ್ಣು ಬರಿಯೂ ಕೆಲಸನೂ ಅಪ್ಪ ಅಕಿಗೇ ಬಿಟ್ಟಿದ್ದ. ಒಂದೇ ಒಂದು ಕೂದಲಿನಷ್ಟು ಗೆರಿ, ಅಕಿ ಕೈ ನಡಗತಿರಲಿಲ್ಲ.

ಎಪ್ಪತ್ತಾರನೇ ಇಸವಿ ಅಕಿ ನನ್ನ ವರ್ಗದಾಗ ಆರನೇ ಇಯತ್ತೆ ಇದ್ಲು. ನಾ ಮೇಜಿನ ಮ್ಯಾಲ ಬಿಸ್ಕೀಟಿನ ತಗಡಿನ ಡಬ್ಬಿ ಇಟ್ಟಿದ್ದೆ, ಬಾಯಿಲೆ ಕೇಳಾಕ ನಾಚೂ ಹುಡುಗ್ಯಾರು ಚೀಟಿ ಬರದು ಅದರಾಗ ಹಾಕತಿದ್ರು. ಶನಿವಾರಕ್ಕೊಮ್ಮೆ ತಗದು ಓದಿ ವಹಿಯಾಗ ಬರಕೊಳ್ಳತಿದ್ದೆ. ಅರ್ಧಕ್ಕರ್ಧ ಚೀಟಿ ದುರ್ಗವ್ವಂದು ಇರತಿದ್ವು. ಸೂರ್ಯ ಕೆಳಗ ಯಾಕ ಬೀಳೂದಿಲ್ಲ, ಚಂದ್ರನ ಆ ಕಡೀ ಮಾರಿ ಹೆಂಗೈತಿ, ಭೂಮಿ ತಿರಗೂದಾದ್ರ ಹಕ್ಕಿ ಗೂಡಿಗೆ ಹೆಂಗ ಹೊಳ್ಳಿ ಬರತೈತಿ. ಕೆಲವಕ್ಕ ನಾನಽ ಪುಸ್ತಕ ಹುಡಕಬೇಕಾಗತಿತ್ತು.

ಒಂದು ದಿನ ಅವರಿಗೆ ಗ್ರಹದ ದೂರ ತಿಳಿಸಬೇಕಂತ ಒಂದು ದೊಡ್ಡ ಕುಂಬಳಕಾಯಿ ಸಾಲಿ ಬಾಗಲದಾಗ ಇಟ್ಟೆ, ಅದು ಸೂರ್ಯ. ಭೂಮಿ ಅಂದ್ರ ಒಂದು ಜ್ವಾಳದ ಕಾಳು, ಅರವತ್ತು ಹೆಜ್ಜಿ ದೂರ. ಗುರು ಒಂದು ಲಿಂಬಿಕಾಯಿ, ಮುನ್ನೂರು ಹೆಜ್ಜಿ. ಎಲ್ಲಾದ್ದಕ್ಕಿಂತ ಕಡೀದು ಪ್ಲೂಟೋ, ಒಂದು ರಾಗಿ ಕಾಳಿಗಿಂತ ಸಣ್ಣದು, ಒಂದು ಮೈಲು ದಾಟಿ ಹೋಗಬೇಕು. ಅದನ್ನ ದುರ್ಗವ್ವನ ಕೈಯಾಗ ಕೊಟ್ಟೆ. ಹುಬ್ಬಳ್ಳಿ ಹಾದಿ ಹಿಡದು ಎಣಿಸಿಕೋತ ಹೋದ್ಲು. ಆ ಗದ್ದಲದಾಗ ಗಂಟಿ ಹೊಡೀತು, ಹುಡುಗ್ಯಾರು ಮನಿಗೆ ಹೋದ್ರು, ನನಗ ನೆನಪಾಗಿ ನಿಮ್ಮಪ್ಪಾರನ್ನ ಸೈಕಲ್ ಮ್ಯಾಲ ಕಳಿಸಿದಾಗ ಅಕಿ ಇನ್ನೂ ಅಲ್ಲೇ ಮೈಲಗಲ್ಲಿನ ಮುಂದ ಕಾಳು ಹಿಡಕೊಂಡು ನಿಂತಿದ್ಲಂತ. ಅಕ್ಕೋರು ಬಾ ಅನ್ನೂತನಕ ನಿಂದ್ರು ಅಂದಿದ್ರು ಅಂದ್ಲಂತ.

ಆ ವರ್ಷ ಏಪ್ರಿಲ್ ಇಪ್ಪತ್ತೊಂಬತ್ತಕ್ಕ, ಅಮಾಸಿ ದಿನ, ಇಳಿಹೊತ್ತಿನಾಗ ಸೂರ್ಯಗ್ರಹಣ ಇತ್ತು. ಪೂರ್ತಿ ಅಲ್ಲ, ಒಂದು ಕಡೆ ಕಚ್ಚಿದಂಗ. ಬ್ಯಾಸಗಿ ಸೂಟಿ ಬಿಡೂ ದಿನ ಡಬ್ಬಿಯಾಗ ಕಡೀ ಚೀಟಿ ಬಂತು: ಗ್ರಹಣದಾಗ ಹೊರಗ ಬಂದ್ರ ಏನಾಗತೈತಿ. ಅಕ್ಷರ ದುರ್ಗವ್ವಂದು. ನನಗ ಆವೇಶ ಬಂತು. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ಗ್ರಹಣದಾಗ ನನ್ನ ಕತ್ತಲ ಖೋಲಿಯಾಗ ಕೂಡಿ ಹಾಕತಿದ್ಲು, ಬಸುರಾದವರು ಒಂದು ತಾಸು ನೀರು ಸುದ್ದಾ ಕುಡೀದಂಗ ಕುಂದ್ರತಿದ್ರು. ಅದನ್ನೆಲ್ಲಾ ಹೇಳಿದೆ. ರಾಹು ನುಂಗೂದಿಲ್ಲ, ಕೇತು ನುಂಗೂದಿಲ್ಲ, ಚಂದ್ರ ಅಡ್ಡ ಬರತಾನ, ನೆರಳು ಬೀಳತೈತಿ, ವಿಷ ಇಲ್ಲ, ಮೈಲಿಗಿ ಇಲ್ಲ ಅಂದೆ. ಹೊರಗ ಬಂದ್ರ ಏನೂ ಆಗೂದಿಲ್ಲ ಅಂದೆ. ಅಂಜಬ್ಯಾಡ್ರಿ ಅಂದೆ. ಅಷ್ಟರಾಗ ಈರಬಸಪ್ಪ ಹೆಡ್‌ಮಾಸ್ತರು ಬಂದು ಪರೀಕ್ಷಾದ ನಿಕಾಲಿ ಓದಿದ್ರು. ಪಾಸಾದವರು ಕುಣದ್ರು, ಸೂಟಿ ಬಿಟ್ಟಿತು.

ಗ್ರಹಣದ ದಿನ ನಾ ನಮ್ಮ ಹಿತ್ತಲದಾಗ ನಿಂತು ಒಂದು ಒಡದ ಗಾಜಿಗೆ ಚಿಮಣಿ ಮಸಿ ಹಿಡಿಸಿ ಅದರಾಗಿಂದ ನೋಡಿದೆ. ಓಣಿ ತುಂಬ ಕದಾ ಹಾಕಿದ್ವು. ಲಕ್ಷ್ಮಪ್ಪನ ಮನ್ಯಾಗೂ ಕದಾ ಹಾಕಿದ್ರು, ಎಲ್ಲಾರೂ ಒಳಗಿದ್ರು. ದುರ್ಗವ್ವ ಹಿಂದಿನ ಬಾಗಲದಿಂದ ದಾಟಿ ಕಟಿಗಿ ಒಟ್ಟಿದ ಕಡೆ ಹೋಗಿ, ಅಪ್ಪನ ಬಣ್ಣದ ಕಾಗದದ ಹಿಂಬದಿಗೆ ಗ್ರಹಣದ ಚಿತ್ರ ಬರದ್ಲು. ಮುನ್ನೂರು ಎಣಿಸೂದು, ಸೂರ್ಯನ್ನ ನೋಡೂದು, ಎಷ್ಟು ಕಚ್ಚೈತಿ ಅಂತ ಬರಿಯೂದು. ಮತ್ತ ಮುನ್ನೂರು ಎಣಿಸೂದು. ಬರೇ ಕಣ್ಣಿಲೆ. ಒಟ್ಟು ಹದಿನೇಳು ಚಿತ್ರ. ಸೂಟಿ ಮುಗದ ಮ್ಯಾಲ ನನಗ ತೋರಸೂ ಸಲುವಾಗಿ.

ಅವತ್ತು ರಾತ್ರಿಯಿಂದನ ಅಕಿಗೆ ಎಲ್ಲಿ ನೋಡಿದ್ರ ಅಲ್ಲಿ ಒಂದು ಹಳದಿ ಕಲಿ ಕಾಣಾಕತ್ತಿತು. ಮಲಗಿ ಎದ್ರ ಹೋಗತೈತಿ ಅಂತ ಸುಮ್ಮನಿದ್ಲು. ಮೂರು ದಿನಕ್ಕ ಬಸವ ಜಯಂತಿ ಬಂತು. ಮರುದಿನ ಒಯ್ಯಾಕ ಬರೂವರಿದ್ರಂತ ಲಕ್ಷ್ಮಪ್ಪ ಒಂದು ತೊಟ್ಟಿಲ ಮುಂದ ಇಟ್ಟು ಕಣ್ಣು ಬರಿ ಅಂದ. ಅಕಿ ಕುಂಚ ಹಿಡದು ಕಣ್ಣನ್ನ ಗಲ್ಲದ ಮ್ಯಾಲ ಬರದ್ಲು. ಅಂವ ಚ್ಯಾಷ್ಟಿ ಅಂತ ತಿಳದು ಬೈದ. ಎರಡನೇ ಸಲ ಹಣಿ ಮ್ಯಾಲ ಬರದ್ಲು. ಆವಾಗ ಬಾಯಿ ಬಿಟ್ಲು: 'ಅಪ್ಪಾ, ನಾ ನೋಡಿದ್ದು ಮಾಯ ಆಗತೈತಿ. ಬಾಜುದ್ದು ಕಾಣತೈತಿ.'

ಹುಬ್ಬಳ್ಳಿ ದವಾಖಾನಿಗೆ ನಿಮ್ಮಪ್ಪಾರೂ ಜೋಡಿ ಹೋಗಿದ್ರು. ಕಣ್ಣಿನ ಹಿಂದಿನ ಪರದೆ ಅಗದಿ ನಡಬರಕ ಸುಟ್ಟೈತಿ ಅಂದ್ರಂತ ಡಾಕ್ಟರು. ಔಷಧ ಇಲ್ಲ, ಆಪರೇಷನ್ ಇಲ್ಲ, ಆರು ತಿಂಗಳದಾಗ ತುಸು ಸುಧಾರಿಸಿದ್ರ ಸುಧಾರಿಸಬಹುದು, ಇಲ್ಲಂದ್ರ ಇಲ್ಲ. ಸುಧಾರಿಸಲಿಲ್ಲ. ಅಕಿ ಕುರುಡಿ ಅಲ್ಲ, ನಡದಾಡತಾಳ, ನೀರು ತರತಾಳ. ಆದ್ರ ಯಾವುದನ್ನ ನೋಡಬೇಕಂತ ಕಣ್ಣು ಇಡತಾಳ ಅದಽ ಕಾಣೂದಿಲ್ಲ. ಅಕ್ಷರ ಕಾಣೂದಿಲ್ಲ. ಎದುರಿಗೆ ನಿಂತವರ ಮಾರಿ ಕಾಣೂದಿಲ್ಲ.

ಜೂನಿನಾಗ ಸಾಲಿ ತಗದಾಗ ಊರಾಗ ಗದ್ದಲ ಎದ್ದಿತ್ತು. ಅಕ್ಕೋರು ಹೇಳಿ ಕೊಟ್ಟು ಕೂಸಿನ ಕಣ್ಣು ಕಳದ್ರು ಅಂತ ಕೆಲವರು, ಮ್ಯಾಲಿನವರಿಗೆ ಅರ್ಜಿ ಹಾಕತೀವಿ ಅಂತ ಕೆಲವರು. ಈರಬಸಪ್ಪ ಮಾಸ್ತರು ನನ್ನ ಕರದು, ವರ್ಗದ ಹುಡುಗ್ಯಾರನ್ನೂ ನಿಲ್ಲಿಸಿ, ಲಕ್ಷ್ಮಪ್ಪನ್ನ, ಊರಿನ ನಾಕು ಹಿರಿಯಾರನ್ನ ಕುಂದ್ರಿಸಿ, ದುರ್ಗವ್ವನ್ನ ಕೇಳಿದ್ರು: ಬರೇ ಕಣ್ಣಿಲೆ ನೋಡಬಾರದು ಅಂತ ಅಕ್ಕೋರು ನಿಮಗ ಹೇಳಿದ್ರೋ ಇಲ್ಲೋ.

ದುರ್ಗವ್ವ ನಾ ಇದ್ದ ಕಡೆ ಮಾರಿ ತಿರುವಿ ನಿಂತಿದ್ಲು. 'ಹೇಳಿದ್ರಿ. ನಾನಽ ಕೇಳಲಿಲ್ರಿ' ಅಂದ್ಲು.

ಅಷ್ಟಕ್ಕ ಮುಗೀತು. ಹಿರಿಯಾರು ಎದ್ದು ಹೋದ್ರು. ಅರ್ಜಿ ಯಾರೂ ಹಾಕಲಿಲ್ಲ. ಹೋಗೂವಾಗ ಅಕಿ ಹದಿನೇಳು ಚಿತ್ರದ ಕಾಗದ ನನ್ನ ಕೈಯಾಗ ಕೊಟ್ಲು. ಮೊದಲಿನ ಒಂಬತ್ತು ಗುಂಡಗ, ಪರಕಾರಲೆ ಬರದಂಗ ಇದ್ವು. ಆಮ್ಯಾಲಿನವು ಒಂದರ ಮ್ಯಾಲ ಒಂದು ಏರಿ, ಕಡೀ ಚಿತ್ರ ಕಾಗದದ ಅಂಚಿನಾಗ ಅರ್ಧಕ್ಕ ನಿಂತಿತ್ತು. ಮುಂದ ಅಕಿ ಸಾಲಿಗೆ ಬರಲಿಲ್ಲ. ಡಬ್ಬಿ ನಾ ತಗದು ಇಟ್ಟೆ. ಪ್ರಶ್ನಿ ಕೇಳಿದ ಹುಡುಗ್ಯಾರಿಗೆ ಪುಸ್ತಕದಾಗ ಇದ್ದಷ್ಟು ಹೇಳಿ ಕುಂದ್ರಿಸಿದೆ. ಅವ್ವ ಯಾಕೋ ಮೊದಲಿನಂಗ ಇಲ್ಲ ಅಂತ ನೀ ಎರಡು ಸಲ ಕೇಳಿದ್ದಿ. ಅದು ಇದಽ.

ಹ್ವಾದ ಮಂಗಳವಾರ ಸಂತ್ಯಾಗ ದುರ್ಗವ್ವ ಸಿಕ್ಕಳು. ಈಗ ಹದಿನಾರು ವರ್ಷದಾಕಿ, ನನಗಿಂತ ಎತ್ತರ ಬೆಳದಾಳ. ನಾ ಮಾತಾಡಿಸಿದ ಮ್ಯಾಲ ಗುರುತು ಹಿಡದು, ನನ್ನ ಕಿವಿ ಬಾಜು ಎಲ್ಲೋ ನೋಡಿ ನಕ್ಕಳು. ಹಂಗ ಓರಿ ಮಾಡಿ ನೋಡಿದ್ರ ಅಕಿಗೆ ಮಾರಿ ತುಸು ಕಾಣತೈತಂತ. ತಂಗಿ ಈಗ ಬಣ್ಣದ ಕೆಲಸ ಕಲತಾಳ, ತಾ ಕಟಿಗಿ ಉಜ್ಜಿ ನುಣ್ಣಗ ಮಾಡತೀನಿ ಅಂದ್ಲು. ನೋಡಾಕ ಬಂದ ಎರಡು ಗಂಡಿನ ಮಂದಿ ಕಣ್ಣಿನ ಸುದ್ದಿ ಕೇಳಿ ಹೊಳ್ಳಿ ಹೋಗ್ಯಾರ, ಅದನ್ನೂ ನಗಕೋತ ಹೇಳಿದ್ಲು. ಆಮ್ಯಾಲ ಸ್ವಲ್ಪ ದನಿ ಇಳಿಸಿ ಕೇಳಿದ್ಲು: 'ಅಕ್ಕೋರ, ಈ ಸಲ ಪೂರ್ತಿ ಮುಚ್ಚತಾನಂತ. ನಾ ನೋಡಲೇನ್ರಿ? ನಂದು ಇನ್ನೇನು ಹೋಗೂದೈತಿ.'

ಬ್ಯಾಡವಾ ಅಂದೆ. ಯಾಕ ಅಂತ ಅಕಿ ಕೇಳಲಿಲ್ಲ. ಮನಿಗೆ ಬಂದವಳು ಕೈಕಾಲು ತೊಳಕೊಳ್ಳದ ಒಳಗ ಕುಂತೆ. ಅವತ್ತಽ ನಿನಗ ಬರೀಬೇಕಂತ ಗಟ್ಟಿ ಮಾಡಿದೆ.

ಅದಕ್ಕ ಸುಶೀಲಾ, ನೀ ಹುಡುಗರನ್ನ ಹೊರಗ ಕರಕೊಂಡು ಹೋಗಬ್ಯಾಡ ಅಂತ ನಾ ಅನ್ನೂದಿಲ್ಲ. ಒಳಗ ಕೂಡಿ ಹಾಕಿದ್ರ ಕದದ ಸಂದಿಯಾಗಿಂದ ನೋಡತಾವ, ಅದು ಇನ್ನೂ ಕೆಟ್ಟ. ಕರಕೊಂಡು ಹೋಗು. ಆದ್ರ ಸೂರ್ಯನ ಕಡೆ ಎಲ್ಲಾರ ಬೆನ್ನು ಇರಲಿ. ಒಂದು ರಟ್ಟಿಗೆ ಸೂಜಿಲೆ ತೂತು ಮಾಡು, ಅದರಾಗಿಂದ ಬಂದ ಬಿಸಲು ಇನ್ನೊಂದು ಬಿಳೀ ಕಾಗದದ ಮ್ಯಾಲ ಬೀಳಲಿ. ಅಲ್ಲಿ ಸಣ್ಣ ಸೂರ್ಯ ಮೂ‍ಡತಾನ, ಕಚ್ಚಿದ್ದು, ಬಿಟ್ಟಿದ್ದು ಎಲ್ಲಾ ಅಲ್ಲೇ ಕಾಣತೈತಿ. ಮಸಿ ಹಿಡಿಸಿದ ಗಾಜೂ ನಂಬಬ್ಯಾಡ ಅಂತ ಹುಬ್ಬಳ್ಳಿ ಡಾಕ್ಟರು ಹೇಳ್ಯಾರ. ಇದನ್ನ ಒಂದು ಸಲ ಹೇಳಿ ಬಿಡಬ್ಯಾಡ. ಇವತ್ತಿಂದ ದಿನಾ ಹೇಳು. ಸಾಲಿಗೆ ಬರದ ಹುಡುಗರ ಮನಿಗೆ ಹೋಗಿ ಹೇಳು. ಅವರ ಅವ್ವ ಅಪ್ಪಗ ಹೇಳು. ಹುಡುಗರು ನಿನ್ನ ಮಾತು ಎಷ್ಟು ನಂಬತಾರ ಅಂತ ನಿನಗ ಇನ್ನೂ ಗೊತ್ತಿಲ್ಲ.

ವೇಳ್ಯಾಕ ಉಣ್ಣು. ಥಂಡಿ ಐತಿ, ಕೌದಿ ಸಾಲದಿದ್ರ ಬರಿ, ಕಳಸ್ತೀನಿ. ನಿಮ್ಮಪ್ಪಾರು ನಿನಗ ಆಶೀರ್ವಾದ ತಿಳಸ್ಯಾರ. ನಿನ್ನ ಕೈಯಾಗ ಕಲತ ಮಕ್ಕಳು ನಿನ್ನ ನೆನಸಿ ಹಿಗ್ಗೂ ಹಂಗ ಬಾಳು, ಅಷ್ಟಽ ನಾ ಶಿವನ್ನ ಬೇಡೂದು.

ನಿನ್ನ ಅವ್ವ
ಕಸ್ತೂರೆವ್ವ

ತಾ.ಕ. ಮಂಗಳವಾರ, ತಾ. ೧೧

ಈ ಕಾಗದ ರವಿವಾರ ಬರದು ಮುಗಿಸಿ ಲಕೋಟಿಗೆ ಹಾಕಿ ಅಂಟಿಸಿದ್ದೆ. ಸೋಮವಾರ ಪೋಸ್ಟಿಗೆ ಹಾಕಾಕ ಹೋಗಿ ಪೆಟಗಿ ಮುಂದ ನಿಂತು ಹೊಳ್ಳಿ ಬಂದೆ. ಇವತ್ತು ಲಕೋಟಿ ಹರದು ಇಷ್ಟು ಸೇರಿಸಾಕತ್ತೀನಿ. ಮ್ಯಾಲ ಬರದದ್ದರಾಗ ಸುಳ್ಳಿಲ್ಲ, ಆದ್ರ ಒಂದು ಮಾತು ಬಿಟ್ಟೀನಿ.

ನಾ ಹೇಳಿರಲಿಲ್ಲ ಸುಶೀಲಾ.

ಬರೇ ಕಣ್ಣಿಲೆ ನೋಡಬ್ಯಾಡ್ರಿ ಅಂತ ನಾ ಆ ಹುಡುಗ್ಯಾರಿಗೆ ಹೇಳಿರಲಿಲ್ಲ. ಹೇಳಬೇಕಂತ ಇತ್ತು, ವಹಿಯಾಗ ಗುರ್ತು ಮಾಡಿಕೊಂಡಿದ್ದೆ. ನಿಕಾಲಿ ಗದ್ದಲದಾಗ ಉಳೀತು. ಇಷ್ಟಽ ಆಗಿದ್ರ ಮರತೆ ಅಂತ ಅಳಬಹುದಿತ್ತು. ಗ್ರಹಣದ ದಿನ ಹಿತ್ತಲದಾಗ ನಿಂತು ಆ ಮಸಿ ಗಾಜು ಕಣ್ಣಿಗೆ ಹಿಡದಾಗ ನನಗ ನೆನಪಾತು, ಹುಡುಗ್ಯಾರಿಗೆ ಹೇಳಿಲ್ಲ ಅಂತ. ಲಕ್ಷ್ಮಪ್ಪನ ಮನಿ ನಮ್ಮಿಂದ ಎರಡು ಓಣಿ. ಅವರ ಮನ್ಯಾಗ ಗ್ರಹಣಕ್ಕ ಅಂಜತಾರ, ಕೂಸನ್ನ ಹೊರಗ ಬಿಡೂದಿಲ್ಲ ಬಿಡು ಅಂದುಕೊಂಡೆ. ಇಡೀ ವರ್ಷ ಯಾವ ಅಂಜಿಕಿ ಬಿಡ್ರಿ ಬಿಡ್ರಿ ಅಂದಿದ್ದೆನೋ, ಅವತ್ತು ಅದನ್ನಽ ನಂಬಿ ಅಲ್ಲೇ ನಿಂತು ಗ್ರಹಣ ನೋಡಿದೆ.

ಹೆಡ್‌ಮಾಸ್ತರ ಮುಂದ ದುರ್ಗವ್ವ ಹೇಳಿದ್ರಿ ಅಂದಾಗ ವರ್ಗದ ಹುಡುಗ್ಯಾರು ಎಲ್ಲಾ ಅಲ್ಲೇ ಇದ್ರು. ನಾ ಹೇಳಿಲ್ಲಂತ ಅವರಿಗೆ ಗೊತ್ತಿತ್ತು. ಒಬ್ಬಾಕಿನೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನೀ ಆ ವರ್ಷ ದೀಪಾವಳಿ ಸೂಟ್ಯಾಗ ಬಂದಾಗ ಬಾವಿ ಕಟ್ಟಿ ಮ್ಯಾಲ ನನ್ನ ಪರವಾಗಿ ಊರ ಹೆಣ್ಣಮಕ್ಕಳ ಜೋಡಿ ಜಗಳಾ ಮಾಡಿ ಬಂದಿದ್ದಿ, ನಮ್ಮವ್ವ ಹೇಳಿದ್ಲು, ಆ ಹುಡುಗಿನ ಕೇಳಿಲ್ಲ ಅಂತ. ನಾ ನಿನಗ ಊಟಕ್ಕ ಬಡಿಸಿದೆ.

ನಿನ್ನೆ ಪೋಸ್ಟಿನಿಂದ ಸೀದಾ ಲಕ್ಷ್ಮಪ್ಪನ ಮನಿಗೆ ಹೋದೆ. ಅಂವ ತೊಟ್ಟಿಲದ ಕಾಲು ಕೂಡಿಸಾಕತ್ತಿದ್ದ, ದುರ್ಗವ್ವ ಕಟಿಗಿ ಉಜ್ಜಾಕತ್ತಿದ್ಲು. ಕುಂದರ್ರಿ ಅಂದ್ರು. ನಾ ನಿಂತಽ ಎಲ್ಲಾ ಹೇಳಿದೆ. ಲಕ್ಷ್ಮಪ್ಪ ನನ್ನ ಕಡೆ ನೋಡಲಿಲ್ಲ. ಮಗಳ ಕಡೆ ತಿರುಗಿದ. 'ಅವತ್ತು ನಾ ಹೊಡದಾಗರ ಯಾಕ ಬಾಯಿ ಬಿಡಲಿಲ್ಲ' ಅಂದ.

ಅಂವ ಹೊಡದಿದ್ದು ನನಗ ಗೊತ್ತಿರಲಿಲ್ಲ.

'ಅಕ್ಕೋರ ನೌಕರಿ ಹೋಗತಿತ್ತಪ್ಪಾ' ಅಂದ್ಲು ದುರ್ಗವ್ವ. ಆಮ್ಯಾಲ ನನಗ, ಎಲ್ಲಾ ಮುಗದು ಹೋಗಿತ್ತು, ಈಗ ಯಾಕ ಹೇಳಿದ್ರಿ ಅಂತ ಕೇಳಿದ್ಲು. ಅಕಿ ದನಿಯಾಗ ನಾ ಸಿಟ್ಟು ಕೇಳಿದ್ದು ನಿನ್ನೆ ಒಂದಽ ಸಲ.

ಲಕ್ಷ್ಮಪ್ಪ ಸುತ್ತಿಗಿ ಕೆಳಗ ಇಟ್ಟ. ನನಗಂದ, 'ಗುರುವಿನ ಮಾತು ಕೇಳದಾಕಿ ಅಂತ ಅಕಿ ಹೆಸರು ಹಿಡದು ಕರಿಯೂದು ಬಿಟ್ಟೇನ್ರಿ. ಮೂರೂವರಿ ವರ್ಷ ಆತು. ಏ ಅಂತೀನಿ, ಇಕಿ ಅಂತೀನಿ. ನೀವು ಆವತ್ತಽ ಹೇಳಿದ್ರ...' ಅಂದಾಂವ ಮತ್ತ ಸುತ್ತಿಗಿ ಎತ್ತಿಕೊಂಡ. ನೀವು ಹೋಗ್ರಿ ಅಕ್ಕೋರ ಅಂದ.

ನಿನ್ನ ಹುಡುಗರಿಗೆ ಈ ಕತಿ ಹೇಳು. ನನ್ನ ಹೆಸರು ಹಿಡದು ಹೇಳಿದ್ರೂ ನಡೀತೈತಿ. ನೀ ನನಗ ಏನಂತ ಬರೀತಿ, ಬರಿ. ಬರಿಯಾಕ ಆಗಲಿಲ್ಲಂದ್ರ ಆಗಲಿಲ್ಲ, ನಾ ಕಾಯತೀನಿ.

ನಿನ್ನೆ ನಾ ಲಕ್ಷ್ಮಪ್ಪನ ಅಂಗಳ ದಾಟಿ ಓಣಿಗೆ ಬಂದಿದ್ದೆ. ಹಿಂದ ಒಳಗಿಂದ ಅಂವ ಕರದದ್ದು ಕೇಳಿಸ್ತು. 'ದುರ್ಗವ್ವಾ' ಅಂದ. 'ಏನಪಾ' ಅಂದ್ಲು ಅಕಿ.